ದೊಡ್ಡವ್ವನ ಕೈಗೆ ಸಿಕ್ಕ ಕಬಡ್ಡಿ ತಂಡ

ಹೋದ ತಿಂಗಳು ಹೊಸಪೇಟೆಗೆ ಹೋದಾಗ ಬಸ್ ಸ್ಟ್ಯಾಂಡಿನ ಎದುರಿನ ಮಹಡಿ ಮೇಲೆ ಹೊಸದೊಂದು ಬೋರ್ಡು ಕಂಡಿತು. 'ಸ್ಪೋರ್ಟ್ಸ್ ಮಸಾಜ್. ಮುಂಗಡ ಬುಕಿಂಗ್ ಕಡ್ಡಾಯ.' ಕೆಳಗೆ ನಿಂತಿದ್ದವನೊಬ್ಬ ನನ್ನ ಹೊಟ್ಟೆಯನ್ನು ನೋಡಿಯೂ ನನ್ನನ್ನು ಕ್ರೀಡಾಪಟು ಅಂದುಕೊಂಡು ಕರಪತ್ರವೊಂದನ್ನು ಕೈಗಿಟ್ಟ. ಬುಕ್ ಮಾಡುವ ಮುನ್ನ ತಿಳಿದಿರಬೇಕಾದ ಸಂಗತಿಗಳು ಅಂತ ಅದರ ತಲೆಬರಹ. ಹೊಟ್ಟೆ ತುಂಬ ಉಂಡು ಬರಬೇಡಿ, ಹಳೆಯ ಪೆಟ್ಟುಗಳಿದ್ದರೆ ಮೊದಲೇ ಹೇಳಿ, ಜ್ವರವಿದ್ದರೆ ಬರಬೇಡಿ, ಪಂದ್ಯದ ದಿನ ಗಟ್ಟಿಯಾದ ಮಾಲೀಸು ಬೇಡ.

ಕೊನೆಯ ಸಾಲನ್ನು ಓದಿ ನಿಂತಲ್ಲೇ ನಕ್ಕುಬಿಟ್ಟೆ. ಶೇಂಗಾ ಮಾರುತ್ತಿದ್ದವಳು ತಿರುಗಿ ನೋಡಿದಳು. ಆ ಒಂದು ಸಾಲನ್ನು ತೊಂಬತ್ತರ ದಶಕದ ಕೊನೆಯಲ್ಲಿ ಯಾರಾದರೂ ನಮಗೆ ಹೇಳಿದ್ದರೆ ಕೂಡ್ಲಿಗಿಗೆ ಒಂದು ಕಬಡ್ಡಿ ಕಪ್ಪು ಬರುತ್ತಿತ್ತು. ಹೇಳುವವರು ಯಾರಿದ್ದರು? ನಮಗೆ ಮಸಾಜ್ ಎಂಬ ಮಾತೇ ಗೊತ್ತಿರಲಿಲ್ಲ. ನಮಗೆ ಗೊತ್ತಿದ್ದದ್ದು ದೊಡ್ಡವ್ವ ಒಬ್ಬಳೇ, ಅವಳು ಕಳೆದ ಬೇಸಿಗೆಯಲ್ಲಿ ತೀರಿಕೊಂಡಳು.

ದೊಡ್ಡವ್ವ ನಮ್ಮ ಓಣಿಯ ಕೊನೆಯ ಮನೆಯವಳು. ಬಾಣಂತಿಯರಿಗೂ ಕೂಸುಗಳಿಗೂ ಎಣ್ಣೆ ಹಚ್ಚಿ ಎರೆಯುವುದು ಅವಳ ಕೆಲಸ. ಕೂಡ್ಲಿಗಿಯಲ್ಲಿ ಒಂದು ಕಾಲಕ್ಕೆ ಹುಟ್ಟಿದವರು ಅಂದರೆ ಅವಳ ಚಾಚಿದ ಕಾಲುಗಳ ಮೇಲೆ ಬೋರಲು ಮಲಗಿ ಅತ್ತವರೇ. ಹಾಗಾಗಿ ಅವಳು ಯಾರನ್ನೂ ಮುಖ ನೋಡಿ ಗುರುತಿಸುತ್ತಿರಲಿಲ್ಲ, ಅವರ ಕೂಸಿನ ಕಾಲದ ಮೈ ನೆನಪಿಟ್ಟುಕೊಂಡು ಮಾತಾಡಿಸುತ್ತಿದ್ದಳು. ಕಾಲೇಜಿನ ಲೆಕ್ಚರರ್ ಒಬ್ಬರು ಕೋಟು ಹಾಕಿಕೊಂಡು ವಿದ್ಯಾರ್ಥಿಗಳ ನಡುವೆ ಹೋಗುತ್ತಿದ್ದಾಗ ಕಟ್ಟೆಯ ಮೇಲೆ ಕೂತಲ್ಲಿಂದಲೇ ಕರೆದು, "ನಿನ್ ತಲಿ ಸೋರಿಕಾಯಿ ಇದ್ದಂಗ ಇತ್ತಪ, ನಾನ ಒತ್ತಿ ಒತ್ತಿ ಗುಂಡಗ ಮಾಡಿದ್ದು. ಈಗ ಅದ್ರಾಗ ಏನೇನೋ ತುಂಬ್ಕಂಡೀಯಂತ, ಚಲೋ ಆತು" ಅಂದಿದ್ದಳು. ಅವರು ಆಮೇಲೆ ಬೇರೆ ರಸ್ತೆಯಿಂದ ಕಾಲೇಜಿಗೆ ಹೋಗತೊಡಗಿದರು. ಯಾರ ಮೂಗಾದರೂ ಚಪ್ಪಟೆಯಿದ್ದರೆ ಮಾತ್ರ ತನ್ನದಲ್ಲ ಅನ್ನುತ್ತಿದ್ದಳು. "ಅದು ನನ್ ಕೈದಲ್ಲ. ಹೊಸಹಳ್ಳಿ ಕಡೀ ಕೆಲ್ಸ."

ಆಳು ಗಿಡ್ಡ, ಅಂಗೈ ಮಾತ್ರ ಹಂಚಿನಗಲ. ಅಷ್ಟು ವರ್ಷ ಬಿಸಿನೀರಲ್ಲಿ ದುಡಿದರೂ ಆ ಕೈ ಮೆತ್ತಗಿತ್ತು. ಬಾಯಿ ಮೆತ್ತಗಿರಲಿಲ್ಲ. ಅಪ್ಪಣೆ ಕೊಡುವುದು ಬಿಟ್ಟರೆ ಬೇರೆ ರೀತಿಯ ಮಾತು ಅವಳಿಗೆ ಬರುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಏಳು, ಹೊಳ್ಳು, ಬಾಯಿ ಮುಚ್ಚು, ಇವೇ ಅವಳ ಭಾಷೆ.

ಆದರೆ ನಾನು ಹೇಳುತ್ತಿರುವ ಹೊತ್ತಿಗೆ ಅವಳನ್ನು ಕರೆಯುವವರು ಕಡಿಮೆಯಾಗಿದ್ದರು. ಹೆರಿಗೆಗಳೆಲ್ಲ ದವಾಖಾನೆಗೆ ಹೋದವು. ಮೂಗು ತೀಡಬೇಡಿ, ಕಿವಿಗೆ ಎಣ್ಣೆ ಬಿಡಬೇಡಿ ಅಂತ ಡಾಕ್ಟರು ಹೇಳಿ ಕಳಿಸುತ್ತಿದ್ದರು. ಅದನ್ನಾದರೂ ಅವಳು ಹೇಗೋ ನುಂಗಿಕೊಂಡಿದ್ದಳು. ನುಂಗಲಾರದ್ದು ಬಂದದ್ದು ಹಡಗಲಿಯಿಂದ. ಅವಳೇ ಎಣ್ಣೆ ನೀರು ಹಾಕಿ ಬೆಳೆಸಿದ ಮೊಮ್ಮಗಳು ನಾಗರತ್ನ ಅಲ್ಲಿ ನರ್ಸ್ ಆಗಿದ್ದಳು. ಅವಳಿಗೆ ಚೊಚ್ಚಲ ಗಂಡು ಕೂಸು ಹುಟ್ಟಿತು. ದೊಡ್ಡವ್ವ ಔಡಲೆಣ್ಣೆ ಕಾಯಿಸಿ ಸೀಸೆ ತುಂಬಿಕೊಂಡು ಮೊದಲ ಬಸ್ಸಿಗೆ ಹೋದಳು. ಸಂಜೆ ಬಸ್ಸಿಗೆ ಸೀಸೆ ತುಂಬಿದ್ದು ಹಾಗೇ ವಾಪಸ್ಸು ಬಂತು.

"ನೋಡು ಅಂದ್ಲು, ಮುಟ್ಟಬ್ಯಾಡ ಅಂದ್ಲು" ಅಂತ ಅವಳು ನಮಗೆ ಹೇಳಿದ್ದು ಇಷ್ಟೇ. ಮರಿಮಗನನ್ನು ತೊಟ್ಟಿಲಿಂದ ಮಾರು ದೂರ ಕೂತು ನೋಡಿ ಬಂದಿದ್ದಳು. ಆ ಕೂಸಿಗೆ ಒಂದು ದಿನವಾದರೂ ತಾನು ಎಣ್ಣೆ ಹಚ್ಚಬೇಕು ಅನ್ನುವುದೊಂದೇ ಅವಳಿಗಿದ್ದ ಆಸೆ, ಅದು ಇಡೀ ಓಣಿಗೆ ಗೊತ್ತಿತ್ತು.

ಹೀಗೆ ಕೈ ಖಾಲಿಯಿದ್ದ ಹೊತ್ತಿನಲ್ಲಿ ನಾವು ಅವಳಿಗೆ ಸಿಕ್ಕೆವು. ನಾವು ಅಂದರೆ ಓಣಿಯ ಕಬಡ್ಡಿ ತಂಡ. ನಾನು ತಾಲ್ಲೂಕು ಆಫೀಸಿನ ಗುಮಾಸ್ತ, ತಂಡದಲ್ಲಿ ಎಲ್ಲರಿಗಿಂತ ಮೊದಲು ಔಟಾಗುವ ರೇಡರ್. ನಮ್ಮ ಕ್ಯಾಪ್ಟನ್ ಹಿಟ್ಟಿನ ಗಿರಣಿಯ ಕೊಟ್ರೇಶ, ಜೋಳದ ಚೀಲ ಎತ್ತಿ ಎತ್ತಿ ಚೀಲದಂತೆಯೇ ಆಗಿದ್ದ ಆಳು. ಅವನ ಭುಜ ಹಿಡಿದುಕೊಂಡಿತು. ಮುಲಾಮು ತಿಕ್ಕಿದ, ಗುಳಿಗೆ ನುಂಗಿದ, ಇಟ್ಟಿಗೆ ಕಾಯಿಸಿ ಇಟ್ಟುಕೊಂಡ. ಯಾವುದಕ್ಕೂ ಬಗ್ಗಲಿಲ್ಲ. ಕೊನೆಗೆ ದೊಡ್ಡವ್ವನ ಬಾಗಿಲಿಗೆ ಹೋಗಿ, ಮಾಲೀಸು ಮಾಡುತ್ತೀಯಾ ಅಂತ ಕೇಳಿದ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿ, "ನಿಮ್ಮವ್ವನ್ನ ಕಳಸು" ಅಂದು ಬಾಗಿಲು ಹಾಕಿಕೊಂಡಳು.

ಅದು ಅವಳ ಬುಕಿಂಗ್ ಪದ್ಧತಿ. ಮಾಲೀಸು ಬೇಕಾದವನ ಮಾತಿಗೆ ಕಿಮ್ಮತ್ತಿಲ್ಲ, ತಾಯಿ ಬಂದು ಹೇಳಬೇಕು. ಕೂಸಿಗೆ ಏನು ಗೊತ್ತಿರುತ್ತದೆ ಅನ್ನುವುದು ಅವಳ ತರ್ಕ. ಕೊಟ್ರೇಶನಿಗೆ ಆಗ ಎರಡು ಮಕ್ಕಳು. ಆದರೂ ತಾಯಿಯನ್ನು ಮುಂದೆ ಬಿಟ್ಟುಕೊಂಡು ಹೋದ, ಬೆಂಬಲಕ್ಕೆ ನಾವೂ ಹೋಗಿ ಪಡಸಾಲೆಯಲ್ಲಿ ಸಾಲಾಗಿ ಕೂತೆವು.

"ಹೊಟ್ಟಿ ಹೆಂಗೈತಿ?" ದೊಡ್ಡವ್ವ ತಾಯಿಯನ್ನು ಕೇಳಿದಳು.

"ನಿನ್ನಿ ಸಾಫ್ ಆಗಿಲ್ಲಂತ."

"ಬಣ್ಣ?"

"ಯವ್ವಾ, ಅದೆಲ್ಲ ಭುಜಕ್ಕ ಯಾಕ?" ಕೊಟ್ರೇಶ ನಡುವೆ ಬಾಯಿ ಹಾಕಿದ.

"ನೀ ಸುಮ್ನಿರು" ಅಂದಳು ಅವನ ತಾಯಿ. "ಸಣ್ಣಾಂವಿದ್ದಾಗೂ ಹಿಂಗ ಇದ್ದ ನೋಡು ಅಕ್ಕ, ಹೊಟ್ಟಿ ಕಟ್ಟಿದ್ರ ಮೈ ಕೈ ಹಿಡಿಯೋದು. ಎಂಟು ವರ್ಷದಾಂವ ಆಗೋತನ ಹಾಸಿಗ್ಯಾಗ..."

ಮುಂದಿನದನ್ನು ನಾನು ಬರೆಯುವುದಿಲ್ಲ. ಕೊಟ್ರೇಶ ಈಗ ಊರಿನ ಹಿರಿಯರಲ್ಲೊಬ್ಬ. ಅಂದು ಅಲ್ಲಿ ಕೂತಿದ್ದ ಆರು ಜನಕ್ಕೆ ಆ ಸಂಗತಿ ಜೀವನಪೂರ್ತಿ ಉಪಯೋಗಕ್ಕೆ ಬಂದಿದೆ ಅಂತ ಹೇಳಿದರೆ ಸಾಕು.

ಹಾಗೆ ಹೇಳುವುದಾದರೆ ಆ ಕೊನೆಯ ಸಾಲೊಂದನ್ನು ಬಿಟ್ಟು ಕರಪತ್ರದವರು ಹೇಳಿದ್ದನ್ನೆಲ್ಲ ದೊಡ್ಡವ್ವ ಅವರಿಗಿಂತ ಮೊದಲೇ ಹೇಳುತ್ತಿದ್ದಳು, ತನ್ನದೊಂದಷ್ಟು ಸೇರಿಸಿ. ಉಂಡು ಬರಬಾರದು. ಮೈ ಬಿಸಿಯಿದ್ದರೆ ಬರಬಾರದು. ಅಮಾವಾಸ್ಯೆ, ಮಂಗಳವಾರ ಬರಬಾರದು. ಬರುವಾಗ ತಾಯಿಯ ಹಳೆಯ ಸೀರೆಯೊಂದು ತರಬೇಕು, ಹೊಸದು ತಂದರೆ ವಾಪಸ್ಸು ಕಳಿಸುತ್ತಾಳೆ. ಸಾಕು ಅನ್ನುವ ಹಕ್ಕು ಮಲಗಿದವನಿಗಿಲ್ಲ. ನೋವಾದರೆ ಅಳಬಹುದು, ಮಾತಾಡಬಾರದು. "ಅಳೋದು ಚಲೋ, ಗಂಟ್ಲು ಬಿಡ್ತೈತಿ" ಅನ್ನುತ್ತಿದ್ದಳು. ನಮ್ಮ ಕಡೆಯಿಂದ ಒಂದು ಎಚ್ಚರಿಕೆಯೂ ಇತ್ತು, ಅದನ್ನು ಹೊಸಬರಿಗೆ ನಾವೇ ಹೇಳಿಕೊಡುತ್ತಿದ್ದೆವು. ಬೆನ್ನು ಅವಳ ಕೈಯಲ್ಲಿರುವಾಗ ಹಡಗಲಿ ಎಂಬ ಶಬ್ದ ಎತ್ತಬಾರದು. ನಮ್ಮ ಡಿಫೆಂಡರ್ ಹುಲುಗಪ್ಪ ಒಮ್ಮೆ ಹಡಗಲಿ ಮಲ್ಲಿಗೆಯ ಸುದ್ದಿ ತೆಗೆದು ಎರಡು ದಿನ ಕುತ್ತಿಗೆ ಹೊರಳಿಸಲಾರದೆ ಓಡಾಡಿದ.

ಮೊದಲ ದಿನ ಒಂದು ಅಚಾತುರ್ಯ ನಡೆಯಿತು. ದೊಡ್ಡವ್ವ ರೂಢಿಯಂತೆ ಮಣೆ ಮೇಲೆ ಕೂತು ಎರಡೂ ಕಾಲು ಚಾಚಿ, ತೊಡೆ ತಟ್ಟಿ, "ಬಾ, ಹಾಕ್ಕೋ" ಅಂದಳು. ಕೊಟ್ರೇಶ ಹೇಳಿದಂತೆ ಕೇಳುವ ಸ್ವಭಾವದವನು, ಹೋಗಿ ಅವಳ ಕಾಲ ಮೇಲೆ ಬೋರಲು ಬಿದ್ದ. ಅವಳು ಕೂಗಿದ್ದು ಸಂತೆ ಮೈದಾನದವರೆಗೆ ಕೇಳಿಸಿತಂತೆ. ಅಂದಿನಿಂದ ನಮಗೆ ಚಾಪೆ.

ಆಮೇಲಿನ ವಿಧಿಯಲ್ಲಿ ಏನೂ ಬದಲಾವಣೆ ಇರಲಿಲ್ಲ. ಕೂಸಿಗೇನೋ ನಮಗೂ ಅದೇ. ಬೆಚ್ಚಗಿನ ಔಡಲೆಣ್ಣೆ, ಅದರಲ್ಲಿ ಬೆಳ್ಳುಳ್ಳಿ ಅಜವಾನ. ಕೈಕಾಲು ಹಿಡಿದು ಅಡ್ಡ, ಉದ್ದ, ಅಡ್ಡ. ನಂತರ ಬಚ್ಚಲಲ್ಲಿ ಕೂರಿಸಿ ಹಂಡೆಯ ಬಿಸಿನೀರು, ಕಡಲೆಹಿಟ್ಟು. ಬೆನ್ನಿಗೆ ಎರಡು ಏಟು. ಹೊರಗೆ ತಂದು ಲೋಬಾನದ ಹೊಗೆ. ಕೂಸಾದರೆ ಎತ್ತಿ ಹಿಡಿಯಬಹುದು, ನಮ್ಮನ್ನು ಎತ್ತಲಾಗದೆ ಕೆಂಡದ ಸುತ್ತ ಕೂರಿಸಿ ಮೇಲೆ ಕಂಬಳಿ ಮುಚ್ಚುತ್ತಿದ್ದಳು. ಕೆನ್ನೆಗೆ ಕಾಡಿಗೆಯ ಬೊಟ್ಟು. ಕೊನೆಗೆ ತಾಯಿಯ ಸೀರೆಯಲ್ಲಿ ಕುತ್ತಿಗೆಯಿಂದ ಪಾದದವರೆಗೆ ಬಿಗಿಯಾಗಿ ಸುತ್ತಿ ಮಲಗಿಸುವುದು. ಸುತ್ತಿದ ಮೇಲೆ ಮೂಗು ಕೆರೆದುಕೊಳ್ಳಲೂ ಆಗುತ್ತಿರಲಿಲ್ಲ. ನಾಚಿಕೆಯಾಗುತ್ತಿತ್ತು, ಆದರೆ ಆ ನಿದ್ದೆ ಇದೆಯಲ್ಲ, ಅಂಥದ್ದು ನನಗೆ ಆಮೇಲೆ ಎಲ್ಲೂ ಸಿಕ್ಕಿಲ್ಲ. ಕೊಟ್ರೇಶನ ಭುಜ ಬಿಟ್ಟಿತು. ನಮ್ಮ ಮೊಣಕಾಲು, ಮೀನಖಂಡಗಳೂ ಒಂದೊಂದಾಗಿ ಬಿಟ್ಟವು. ಆ ವರ್ಷದ ಕಪ್ಪಿನ ಪಂದ್ಯಗಳಲ್ಲಿ ಹಗರಿಬೊಮ್ಮನಹಳ್ಳಿಯವರನ್ನು ಸೋಲಿಸಿದೆವು, ಹರಪನಹಳ್ಳಿಯವರನ್ನೂ ಸೋಲಿಸಿ ಫೈನಲ್ಲಿಗೆ ಬಂದೆವು. ಎದುರಾಳಿ ಕೊಟ್ಟೂರು. ಆಟ ನಮ್ಮೂರಲ್ಲೇ, ಸಂಜೆ ನಾಲ್ಕಕ್ಕೆ.

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರು ಅನ್ನುವಂತೆ ಕೊಟ್ರೇಶ ಗೆದ್ದ ಮೇಲೆ ಕಟ್ಟುವ ಬ್ಯಾನರ್ ಬರೆಸಿಟ್ಟಿದ್ದ. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆಟದ ದಿನ ಬೆಳಗ್ಗೆ, ಇನ್ನೂ ಸ್ವಲ್ಪ ಕಸುವು ಬರಲಿ ಅಂತ, ಏಳೂ ಜನ ತಾಯಂದಿರನ್ನೂ ಸೀರೆಗಳನ್ನೂ ಹೊಂದಿಸಿಕೊಂಡು ದೊಡ್ಡವ್ವನ ಮನೆಗೆ ನಡೆದೆವು. ಮೊದಲ ಸಲ ಇಡೀ ತಂಡ ಒಟ್ಟಿಗೆ ಬಂದದ್ದು ನೋಡಿ ಅವಳು ಅರಳಿದಳು. ಎರಡು ಹಂಡೆ ಕಾಯಿಸಿದಳು. ಎಷ್ಟೋ ದಿನದಿಂದ ಕಟ್ಟಿಟ್ಟ ಕೈಯ ಆಸೆಯನ್ನೆಲ್ಲ ಅಂದು ನಮ್ಮ ಮೇಲೆ ತೀರಿಸಿಕೊಂಡಳು. ಒಬ್ಬೊಬ್ಬರನ್ನೇ ತಿಕ್ಕಿ, ಎರೆದು, ಹೊಗೆ ಹಾಕಿ, ಸುತ್ತಿ, ಪಡಸಾಲೆಯಲ್ಲಿ ಸಾಲಾಗಿ ಮಲಗಿಸುವಾಗ ಮಧ್ಯಾಹ್ನವಾಗಿತ್ತು. "ಮೂರಕ್ಕ ಎಬ್ಬಿಸಬೇ" ಅಂತ ಕೊಟ್ರೇಶ ಹೇಳಿದ್ದು ನನಗೆ ನೆನಪಿದೆ. ಅವಳು ಏನೆಂದಳೋ ಕೇಳಲಿಲ್ಲ, ಅಷ್ಟರಲ್ಲಿ ನಾನು ನಿದ್ದೆ ಹೋಗಿಬಿಟ್ಟಿದ್ದೆ.

ಎರೆದುಕೊಂಡು ಮಲಗಿದ ಕೂಸನ್ನು ಎಬ್ಬಿಸುವ ಪದ್ಧತಿ ನಮ್ಮ ಕಡೆ ಇಲ್ಲ. ತಾನಾಗಿ ಎದ್ದರಷ್ಟೇ. ಇದು ನಮಗೆ ಗೊತ್ತಿರಬೇಕಾಗಿತ್ತು, ನಮ್ಮ ಮನೆಗಳಲ್ಲೂ ಕೂಸುಗಳಿದ್ದವು. ಆದರೆ ನಾವು ಕೂಸುಗಳು ಅಂತ ನಮಗೆ ಹೊಳೆದಿರಲಿಲ್ಲ. ಅವಳಿಗೆ ಆ ವಿಷಯದಲ್ಲಿ ಅನುಮಾನವೇ ಇರಲಿಲ್ಲ.

ನಾಲ್ಕು ಗಂಟೆಗೆ ಮೈಕಿನಲ್ಲಿ ಕರೆದರಂತೆ. ಕೂಡ್ಲಿಗಿ ತಂಡದವರು ಎಲ್ಲಿದ್ದರೂ ಮೈದಾನಕ್ಕೆ ಬರಬೇಕು. ನನಗೆ ಅರೆಬರೆ ಎಚ್ಚರವಾಗಿ ಆ ದನಿ ಕೇಳಿಸಿತ್ತು, ಸುಳ್ಳು ಯಾಕೆ ಹೇಳಲಿ. ಯಾರನ್ನೋ ಕರೆಯುತ್ತಿದ್ದಾರೆ, ಹೋಗಲಿ ಪಾಪ ಅನ್ನಿಸಿತು. ಎದ್ದೇಳೋಣವೆಂದರೆ ಕೈಕಾಲು ಸೀರೆಯೊಳಗಿದ್ದವು. ಇನ್ನೈದು ನಿಮಿಷ ಅಂದುಕೊಂಡೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅನ್ನುವ ಗಾದೆಯನ್ನು ಎಣ್ಣೆ ಹಚ್ಚಿಸಿಕೊಂಡೇ ನಡೆಸಿಕೊಟ್ಟವರು ನಾವೇ ಇರಬೇಕು.

ಆಮೇಲೆ ಮೈಕಿನ ಹನುಮಂತನೇ ಓಡಿ ಬಂದನಂತೆ. ದೊಡ್ಡವ್ವ ಬಾಗಿಲಿಗೆ ಅಡ್ಡ ಕೂತಿದ್ದಳು.

"ಎಲ್ಲದಾರಬೇ ಅವ್ರು? ಕೊಟ್ಟೂರಾರು ಬಂದು ನಿಂತಾರ."

"ಮೆತ್ತಗ ಮಾತಾಡು. ಮಕ್ಳು ಮಕ್ಕಂಡಾವ."

"ಯಾವ ಮಕ್ಳು? ಕಪ್ಪು ಕೈತಪ್ಪಿ ಹೋಗ್ತೈತಿ. ಎಬ್ಬಿಸ್ರಿ ಲಗೂನ."

"ಎರದ ಮೈ ಎಬ್ಬಿಸಿದ್ರ ಬೆಚ್ಚಿ ಬೀಳ್ತಾವ. ಸಂಜೀಕ ತಾವ ಏಳ್ತಾವ, ಆಗ ಆಡ್ತಾವ. ಕೊಟ್ಟೂರಾರಿಗೆ ಕುಂದ್ರಾಕ ಹೇಳು, ನೀರು ಕೊಡು."

ಹನುಮಂತ ಕಿಟಕಿಯಿಂದ ಇಣುಕಿದ. ಸೀರೆ ಸುತ್ತಿಕೊಂಡು, ಕೆನ್ನೆಗೆ ಕಾಡಿಗೆ ಬೊಟ್ಟು ಇಟ್ಟುಕೊಂಡು, ಬಾಯಿ ತೆರೆದು ಮಲಗಿದ್ದ ಏಳು ಗಂಡಸರನ್ನು ಕಂಡವನು ಎಬ್ಬಿಸುವುದು ಬಿಟ್ಟು ಮೈದಾನಕ್ಕೆ ವಾಪಸ್ಸು ಓಡಿ ಕೊಟ್ಟೂರಿನ ತಂಡವನ್ನೇ ಕರೆತಂದ. ಅವರು ಸರದಿಯಲ್ಲಿ ಕಿಟಕಿಗೆ ಬಂದು ನೋಡಿಕೊಂಡು ಹೋದರಂತೆ. ಒಬ್ಬನೂ ಸದ್ದು ಮಾಡಲಿಲ್ಲ, ದೊಡ್ಡವ್ವ ಮಾಡಗೊಡಲಿಲ್ಲ. ನಾವು ಏಳುವಷ್ಟರಲ್ಲಿ ಆ ಕಪ್ಪು ಕೊಟ್ಟೂರಿನವರ ಟೆಂಪೋದಲ್ಲಿ ಕೂತು ಅವರೂರು ಮುಟ್ಟಿತ್ತು.

ಕೊಟ್ರೇಶ ಎದ್ದು ವಿಷಯ ತಿಳಿದವನೇ ಸೀರೆಯನ್ನು ಬಿಚ್ಚುವ ತಾಳ್ಮೆಯಿಲ್ಲದೆ ಅದರೊಳಗೇ ಜಿಗಿದು ಜಿಗಿದು ಬಾಗಿಲಿಗೆ ಬಂದು, "ನಮ್ ಮಾನ ಕಳದಿ. ನಿನ್ ಕೈ ಅಲ್ಲ ಅದು, ಶನಿ" ಅಂದುಬಿಟ್ಟ. ಉಳಿದವರು ನಾವೂ ಸುಮ್ಮನಿದ್ದೆವು, ಸುಮ್ಮನಿದ್ದದ್ದೂ ಬೈದಂತೆಯೇ ಆಯಿತು. ದೊಡ್ಡವ್ವ ಒಳಗೆ ಹೋಗಿ ಎಣ್ಣೆಯ ಕೊಳಗವನ್ನು ಅಟ್ಟದ ಮೇಲಿಟ್ಟಳು.

ಸುದ್ದಿಗೆ ಕಾಲು ಬಂತು. ಕೊಟ್ಟೂರಿನವರು ಊರಲ್ಲಿ ಹೇಳಿದರು, ಬಸ್ಸಿನ ಕಂಡಕ್ಟರುಗಳು ಉಳಿದ ಊರುಗಳಿಗೆ ಹಂಚಿದರು. ಹಗರಿಬೊಮ್ಮನಹಳ್ಳಿ ದಾಟುವಷ್ಟರಲ್ಲಿ ಕಬಡ್ಡಿ ಆಡುವವರು ಪೈಲ್ವಾನರಾದರು. ಹಡಗಲಿ ಮುಟ್ಟುವಷ್ಟರಲ್ಲಿ ಪೈಲ್ವಾನರಿಗೆ ಎರಡು ದಿನವಾದರೂ ಎಚ್ಚರವಾಗಿರಲಿಲ್ಲ. ಕೂಡ್ಲಿಗಿಯಲ್ಲಿ ನಮ್ಮ ಬೆನ್ನ ಹಿಂದೆ ಜನ ಜೋಗುಳ ಹಾಡುತ್ತಿದ್ದರು, ಆಫೀಸಿನಲ್ಲಿ ನನ್ನ ಕುರ್ಚಿಯ ಮೇಲೆ ಯಾರೋ ಕುಲಾವಿ ಇಟ್ಟಿದ್ದರು. ಇದೆಲ್ಲ ನಮಗೆ ಕಷ್ಟವಾಯಿತು, ಆದರೆ ನಾಲ್ಕು ದಿನದಲ್ಲಿ ನಮಗೇ ನಗು ಬರತೊಡಗಿತು. ದೊಡ್ಡವ್ವನಿಗೆ ನಗು ಬರಲಿಲ್ಲ. ಇನ್ನು ಆ ಮಾತು ನಾಗರತ್ನಳ ಕಿವಿಗೂ ಬೀಳುತ್ತದೆ, ಇನ್ನು ಆ ಕೂಸು ತನ್ನ ಕೈಗೆ ಬರುವುದು ಮುಗಿದ ಮಾತು ಅಂತ ಅವಳು ಕೊಟ್ರೇಶನ ತಾಯಿಯ ಮುಂದೆ ಹೇಳಿಕೊಂಡಿದ್ದಳು.

ಆ ತಾಯಿ ಭಾನುವಾರ ಬೆಳಗ್ಗೆ ನಮ್ಮನ್ನೆಲ್ಲ ಗಿರಣಿಯ ಮುಂದೆ ನಿಲ್ಲಿಸಿ ಬೈದಳು. "ಮುದುಕಿ ಒಲಿ ಹಚ್ಚಿಲ್ಲ. ಮೈ ಹಗುರ ಮಾಡಿಸ್ಕಂಡು ಬಾಯಿ ಹಗುರ ಮಾಡ್ಕಂಡ್ರ್ಯಾ? ನಡ್ರಿ, ಹೋಗಿ ಮಾತಾಡ್ಸ್ರಿ."

ಹೋದೆವು. ದೊಡ್ಡವ್ವ ಗೋಡೆಗೆ ಮುಖ ಮಾಡಿ ಕೂತಿದ್ದಳು. ನಾವು ಪಡಸಾಲೆಯಲ್ಲಿ ಸಾಲಾಗಿ ಕೂತೆವು. ಕೊಟ್ರೇಶ ಕೆಮ್ಮಿದ. ಹುಲುಗಪ್ಪ ಈ ಸಲ ಮಳೆ ಹೇಗೆ ಅಂತ ಕೇಳಿದ. ಅವಳು ತಿರುಗಲೇ ಇಲ್ಲ. ಆ ಮನೆಯಲ್ಲಿ ಅಪ್ಪಣೆಯ ಮಾತಿಲ್ಲದೆ ಕೂರುವುದು ನನಗೆ ಸಂಕಟವಾಗುತ್ತಿತ್ತು. ಏಳ್ರಿ ಹೊರಗ ಅಂತ ಬೈದಿದ್ದರೂ ಸಂತೋಷಪಡುತ್ತಿದ್ದೆ.

ಅಷ್ಟರಲ್ಲಿ ಹೊರಗೆ ಕೂಸಿನ ಅಳು ಕೇಳಿಸಿತು. ಹಡಗಲಿ ಬಸ್ಸು ಇಳಿದು ನಾಗರತ್ನ ಬಂದಿದ್ದಳು. ತಲೆ ಬಾಚಿಲ್ಲ, ಕಣ್ಣ ಕೆಳಗೆ ಕಪ್ಪು, ಹೆಗಲ ಮೇಲೆ ಹೊಟ್ಟೆ ಬಿರಿಯುವಂತೆ ಅಳುತ್ತಿರುವ ಎರಡು ತಿಂಗಳ ಕೂಸು. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

"ಇವ್ರೇನು ಅವ್ರು?" ಅಂದಳು. ಆಮೇಲೆ ದೊಡ್ಡವ್ವನ ಕಡೆ ತಿರುಗಿದಳು.

"ಇಂಥಾವ್ರನ್ನ ಮಲಗಿಸಿದ್ಯಂತ, ಮೈಕಿಗೂ ಏಳಲಿಲ್ಲಂತ. ಅಜ್ಜಿ, ಇದೊಂದನ್ನ ಮಲಗ್ಸು. ಹುಟ್ಟಿದಾಗಿಂದ ನಾ ಕಣ್ಣು ಮುಚ್ಚಿಲ್ಲ."

ದೊಡ್ಡವ್ವ ಎದ್ದಳು. ಕೊಟ್ರೇಶ ಹೇಳಿಸಿಕೊಳ್ಳದೆ ಅಟ್ಟದಿಂದ ಕೊಳಗ ಇಳಿಸಿದ, ನಾನು ಒಲೆ ಹಚ್ಚಿದೆ. ಎಣ್ಣೆ ಕಾಯುವಷ್ಟು ಹೊತ್ತು ನಾಗರತ್ನ ಗೋಡೆಗೆ ಒರಗಿ ಕೂತು ಬೆರಳು ಮಡಚುತ್ತ ತನ್ನ ಶರತ್ತು ಹೇಳಿದಳು.

"ಮೂಗು ತೀಡಂಗಿಲ್ಲ."

"ಆತು."

"ಕಿವ್ಯಾಗ ಎಣ್ಣಿ ಬಿಡಂಗಿಲ್ಲ."

"ಆತು."

"ಹೊಗಿ ಹಾಕಂಗಿಲ್ಲ."

ಇಲ್ಲಿ ದೊಡ್ಡವ್ವ ಉಗುಳು ನುಂಗಿದಳು. "ಆತವ್ವ."

"ತಲಿ ಒತ್ತಂಗಿಲ್ಲ."

ದೊಡ್ಡವ್ವ ಕೂಸಿನ ತಲೆ ನೋಡಿದಳು. ನಾವೂ ನೋಡಿದೆವು. ಸ್ವಲ್ಪ ಉದ್ದವೇ ಇತ್ತು.

"ಆತು" ಅಂದಳು ದೊಡ್ಡವ್ವ.

"ಮತ್ತ ಇನ್ನೊಂದು..." ಅಂದ ನಾಗರತ್ನ ಆ ಇನ್ನೊಂದನ್ನು ಹೇಳಲಿಲ್ಲ. ಕೂತಲ್ಲೇ ಕತ್ತು ವಾಲಿ ನಿದ್ದೆ ಹೋಗಿದ್ದಳು.

ದೊಡ್ಡವ್ವ ಮಣೆ ಮೇಲೆ ಕೂತು ಕಾಲು ಚಾಚಿ ಕೂಸನ್ನು ಹಾಕಿಕೊಂಡಳು. ಎರಡೂ ಅಂಗೈಗೆ ಎಣ್ಣೆ ಸವರಿಕೊಂಡಳು. ಆಮೇಲೆ ಆ ಕೈಗಳು ಕೂಸಿನ ಮೇಲೆ ಇಳಿಯದೆ ಹಾಗೇ ಗಾಳಿಯಲ್ಲಿ ನಿಂತವು. ಮೊಮ್ಮಗಳ ಮುಖ ನೋಡಿದಳು. ಅವಳು ಏನೋ ಇನ್ನೊಂದು ಹೇಳುವವಳಿದ್ದಳು, ಅದು ಏನಿತ್ತೋ. ಎಬ್ಬಿಸಿ ಕೇಳಲು ಮನಸ್ಸಿಲ್ಲ, ಕೇಳದೆ ಮುಂದುವರಿಯಲು ಧೈರ್ಯವಿಲ್ಲ. ನಮ್ಮನ್ನು ಒಂದು ಮಾತೂ ಕೇಳದೆ ಹೊರಳಿಸಿ, ತಟ್ಟಿ, ಕುತ್ತಿಗೆ ಲಟಕ್ಕೆನಿಸಿದವಳು ಈಗ ನಮ್ಮ ಕಡೆ ತಿರುಗಿದಳು.

"ಮುಟ್ಲಾ?" ಅಂತ ಕೇಳಿದಳು.

ಹುಲುಗಪ್ಪ ನೆಲ ನೋಡತೊಡಗಿದ. ಕೊಟ್ರೇಶನೇ ಎದ್ದು ಹೋಗಿ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತ.

"ಮುಟ್ಟಬೇ" ಅಂದ. "ನಿಂದ ಐತಿ ಕೂಸು."

ಅವಳು ಮುಟ್ಟಿದಳು. ಕೂಸು ಇನ್ನೂ ಜೋರಾಗಿ ಅತ್ತಿತು. ದೊಡ್ಡವ್ವನ ಕಣ್ಣಿಂದಲೂ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳೋಣವೆಂದರೆ ಎರಡೂ ಕೈಗೆ ಎಣ್ಣೆ. ಕೊಟ್ರೇಶ ಹೆಗಲ ಟವೆಲ್ ತೆಗೆದು, ಅದರ ಹಿಟ್ಟು ಕೊಡವಿ, ಅವಳ ಮುಖ ಒರೆಸಿದ.